ಅಪ್ಪನ ಮೋರಿಸ್ ಮೈನರ್ ಎಂಜಿನ್: ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಬೇಕು?

ಪ್ರಶ್ನೆ: ಸರ್, ನಮ್ಮ ಅಪ್ಪ ಓಡಿಸುತ್ತಿದ್ದ 1960ರ ಮೋರಿಸ್ ಮೈನರ್ 1000 ಈಗ ನನ್ನ ಹತ್ತಿರ ಇದೆ. 948 ಸಿಸಿ ಎಂಜಿನ್. ಹತ್ತು ವರ್ಷ ನಿಂತೇ ಇತ್ತು. ಹೋದ ವರ್ಷದಿಂದ ವಾರಕ್ಕೊಮ್ಮೆ ಓಡಿಸುತ್ತಿದ್ದೇನೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನುತ್ತದೆ, ಬಿಸಿಯಾದ ಮೇಲೆ ಆ ಸದ್ದು ಕಡಿಮೆಯಾಗುತ್ತದೆ. ಏರು ಹತ್ತುವಾಗ ನೀಲಿ ಹೊಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿಣಮಿಣ ಅನ್ನುತ್ತದೆ. ಕಂಪ್ರೆಷನ್ (ಸಿಲಿಂಡರಿನೊಳಗೆ ಏರುವ ಒತ್ತಡ) ನೋಡಿಸಿದೆ. 1ರಿಂದ 4ನೇ ಸಿಲಿಂಡರ್‌ವರೆಗೆ 125, 120, 80, 120 ಪಿಎಸ್‌ಐ ಬಂತು. ಮೆಕ್ಯಾನಿಕ್ "ಎಲ್ಲಾ ಬಿಚ್ಚಿ ಫುಲ್ ಕಿಟ್ ಹಾಕಿಬಿಡೋಣ, ಹಳೇದು ಒಂದೂ ಬೇಡ" ಅನ್ನುತ್ತಾರೆ. ಅಪ್ಪನ ಸ್ನೇಹಿತರೊಬ್ಬರು "ರಿಂಗು, ಶೆಲ್ಲು ಹಾಕಿದ್ರೆ ಸಾಕು, ಬ್ಲಾಕಿಗೆ ಕೈ ಹಾಕಬೇಡ, ಆ ಕಾಲದ ಲೋಹ ಈಗ ಸಿಗಲ್ಲ" ಅನ್ನುತ್ತಾರೆ. ಶೆಲ್ಲು ಅಂದರೆ ಕ್ರ್ಯಾಂಕ್ ಬೇರಿಂಗಿನ ತೆಳು ಪದರ. ಸೀಸ ಇಲ್ಲದ ಪೆಟ್ರೋಲಿಗೆ ವಾಲ್ವ್ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಬದಲಿಸಲೇಬೇಕು ಅಂತ ಮತ್ತೊಬ್ಬರು. ನಾನು ರೇಸಿಗೆ ಹೋಗುವವನಲ್ಲ. ಅಪ್ಪನ ಎಂಜಿನ್ ಅಪ್ಪನದಾಗಿಯೇ ಉಳಿಯಬೇಕು, ದಾರಿಯಲ್ಲಿ ಕೈಯೂ ಕೊಡಬಾರದು. ಯಾರ ಮಾತು ಕೇಳಲಿ?

ಉತ್ತರ: ಮೆಕ್ಯಾನಿಕ್ ಆಗಲಿ, ಅಪ್ಪನ ಸ್ನೇಹಿತರಾಗಲಿ, ಇಬ್ಬರೂ ಮೈಕ್ರೋಮೀಟರ್ ಕೈಗೆ ತೆಗೆದುಕೊಳ್ಳುವ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದಾರೆ. ನಾನು ಮೂವತ್ತು ವರ್ಷದಿಂದ ಹಳೇ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದೇನೆ. "ಇದು ಹೋಗಿದೆ ಬಿಡಿ" ಅಂದುಕೊಂಡ ಭಾಗ ಅಳೆದಾಗ ಹೊಸದರಷ್ಟೇ ಸರಿ ಇದ್ದದ್ದು ಎಷ್ಟೋ ಸಲ. ಕನ್ನಡಿ ಹಾಗೆ ಹೊಳೆಯುವ ಕ್ರ್ಯಾಂಕ್ ಜರ್ನಲ್ (ಕ್ರ್ಯಾಂಕ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗ) ಅಳೆದರೆ ಮೊಟ್ಟೆ ಆಕಾರಕ್ಕೆ ತಿರುಗಿದ್ದದ್ದೂ ಇದೆ. ಸವೆತ ಅನ್ನುವುದು ಒಂದು ಅಂಕಿ. ಆ ಅಂಕಿ ಗೊತ್ತಾಗುವ ತನಕ ಯಾವ ಭಾಗವನ್ನೂ ಆರ್ಡರ್ ಮಾಡಬೇಡಿ, ಯಾವುದನ್ನೂ ಎಸೆಯಬೇಡಿ.

ನಿಮ್ಮ ಭಯ ಎರಡು ಕಡೆಯಿಂದ ಇದೆ. ಜಾಸ್ತಿ ಬದಲಿಸಿದರೆ ಅಪ್ಪನ ಎಂಜಿನ್ ಹೆಸರಿಗೆ ಮಾತ್ರ ಅಪ್ಪನದಾಗುತ್ತದೆ. ಕಡಿಮೆ ಬದಲಿಸಿದರೆ ಆರು ತಿಂಗಳಿಗೆ ಮತ್ತೆ ಬಿಚ್ಚಬೇಕಾಗುತ್ತದೆ. ಎರಡೂ ನಿಜವಾದ ಅಪಾಯಗಳೇ. ಆದರೆ ನೀವು ಕೊಟ್ಟಿರುವ ಲಕ್ಷಣಗಳಲ್ಲೇ ಸಾಕಷ್ಟು ಸುಳಿವು ಇದೆ, ಮೊದಲು ಅದನ್ನು ನೋಡೋಣ.

ಬೆಳಗ್ಗೆ ಟಕಟಕ, ಬಿಸಿಯಾದ ಮೇಲೆ ಕಡಿಮೆ. ಇದು ಹೆಚ್ಚಾಗಿ ಪಿಸ್ಟನ್ ಬಡಿತ. ತಣ್ಣಗಿದ್ದಾಗ ಅಲ್ಯೂಮಿನಿಯಂ ಪಿಸ್ಟನ್ ಚಿಕ್ಕದಾಗಿರುತ್ತದೆ, ಸವೆದ ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಆಚೀಚೆ ಹೊಡೆಯುತ್ತದೆ. ಬಿಸಿಯಾದರೆ ಹಿಗ್ಗಿ ಬಿಗಿಯಾಗುತ್ತದೆ. ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು) ಹೋಗಿದ್ದರೆ ಕಥೆ ಉಲ್ಟಾ. ಎಂಜಿನ್ ಕಾದು ಆಯಿಲ್ ತೆಳ್ಳಗಾದ ಮೇಲೆ ಆ ಸದ್ದು ಜಾಸ್ತಿಯಾಗುತ್ತದೆ. ನಿಮ್ಮದು ಕಡಿಮೆಯಾಗುತ್ತಿದೆ ಅನ್ನುವುದು ಒಂದು ಲೆಕ್ಕದಲ್ಲಿ ಸಮಾಧಾನದ ಸುದ್ದಿ.

ಏರಿನಲ್ಲಿ ನೀಲಿ ಹೊಗೆ ಅಂದರೆ ಲೋಡ್ ಬಿದ್ದಾಗ ಆಯಿಲ್ ಸುಡುತ್ತಿದೆ. ಇದು ರಿಂಗ್ ಮತ್ತು ಬೋರ್ ಕಡೆ ಬೆರಳು ತೋರಿಸುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದ ಕೂಡಲೇ ಒಂದು ಮುದ್ದೆ ಹೊಗೆ ಬಂದರೆ ಮಾತ್ರ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಓಡಾಡುವ ಕೊಳವೆ) ಮೇಲೆ ಅನುಮಾನ ಪಡಬೇಕು. ಅದನ್ನೂ ಒಮ್ಮೆ ಗಮನಿಸಿ ನೋಡಿ.

ಇನ್ನು ಕಂಪ್ರೆಷನ್. ಮೂರು ಸಿಲಿಂಡರ್ ಒಂದೇ ಮಟ್ಟದಲ್ಲಿವೆ, ಮೂರನೆಯದು ಮಾತ್ರ 80. ರಿಂಗ್ ಸವೆತ ಸಾಮಾನ್ಯವಾಗಿ ಹೀಗೆ ಒಂದೇ ಸಿಲಿಂಡರ್ ಹುಡುಕಿಕೊಂಡು ಹೋಗುವುದಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಅನ್ನುತ್ತಿದ್ದೆ. ಒಂದೇ ಬಿದ್ದಿದೆ, ಹಾಗಾಗಿ ನನ್ನ ಅನುಮಾನ ಎಕ್ಸಾಸ್ಟ್ ವಾಲ್ವ್ ಮೇಲೆ. ಈ ಎಂಜಿನ್ನಿನ ಹೆಡ್‌ನಲ್ಲಿ 2 ಮತ್ತು 3ನೇ ಸಿಲಿಂಡರ್‌ಗಳ ಎಕ್ಸಾಸ್ಟ್ ವಾಲ್ವ್‌ಗಳು ಅಕ್ಕಪಕ್ಕ ಇವೆ, ಎರಡಕ್ಕೂ ಸೇರಿ ಒಂದೇ ಎಕ್ಸಾಸ್ಟ್ ಪೋರ್ಟ್. ಇಡೀ ಹೆಡ್‌ನಲ್ಲಿ ಅತಿ ಜಾಸ್ತಿ ಬಿಸಿಯಾಗುವ ಜಾಗ ಅದು. ವಾಲ್ವ್ ಸುಡುವುದೂ ಅಲ್ಲೇ, ಹೆಡ್ ಬಿರುಕು ಬಿಡುವುದೂ ಹೆಚ್ಚಾಗಿ ಅಲ್ಲೇ.

ಅಂದರೆ ನಿಮ್ಮ ಎಂಜಿನ್ನಿಗೆ ಒಂದಲ್ಲ, ಎರಡೋ ಮೂರೋ ಬೇರೆ ಬೇರೆ ಕಾಯಿಲೆ ಇರಬಹುದು. ಫುಲ್ ಕಿಟ್ ಅನ್ನುವುದು ಎಲ್ಲಾ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಈಗ "ರಿಂಗು, ಶೆಲ್ಲು ಹಾಕಿದ್ರೆ ಸಾಕು" ಅನ್ನುವ ಮಾತಿಗೆ ಬರುತ್ತೇನೆ. ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಅತಿ ಹೆಚ್ಚು ಎಂಜಿನ್‌ಗಳು ನನ್ನ ಬೆಂಚಿಗೆ ಎರಡನೇ ಸಲ ಬಂದಿರುವುದೂ ಇದರಿಂದಲೇ.

ಬೋರ್ ಮೇಲಿಂದ ಕೆಳಗೆ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗ್ ನಿಂತು ತಿರುಗುವ ಜಾಗದಲ್ಲಿ ಸವೆತ ಅತಿ ಜಾಸ್ತಿ. ಅಲ್ಲಿ ಪಿಸ್ಟನ್ ಒಂದು ಕ್ಷಣ ನಿಲ್ಲುತ್ತದೆ, ಆಯಿಲ್ ಪದರ ಹರಿದುಹೋಗುತ್ತದೆ. ಅದೇ ಹೊತ್ತಿಗೆ ಉರಿಯುವ ಗ್ಯಾಸು ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ತಣ್ಣಗೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋಗಿ ನಿಲ್ಲಿಸುವ ಕಾರಿನಲ್ಲಿ ಉರಿದ ಗ್ಯಾಸಿನ ತೇವ, ಆಮ್ಲ ಕೂಡ ಅಲ್ಲೇ ಕೂರುತ್ತದೆ. ಅದಕ್ಕಿಂತ ಮೇಲಿನ ನಾಲ್ಕಾರು ಮಿಲಿಮೀಟರ್ ಜಾಗಕ್ಕೆ ರಿಂಗ್ ತಾಗುವುದೇ ಇಲ್ಲ, ಅಲ್ಲಿ ಬೋರ್ ಮೂಲ ಅಳತೆಯಲ್ಲೇ ಉಳಿಯುತ್ತದೆ. ಹೆಡ್ ತೆಗೆದ ಮೇಲೆ ಬೋರಿನ ಬಾಯಿ ಹತ್ತಿರ ಉಗುರು ಎಳೆದು ನೋಡಿ. ಒಂದು ಮೆಟ್ಟಿಲು ಸಿಕ್ಕುತ್ತದೆ. ಅದೇ ಸವೆತದ ಗುರುತು.

ಹಳೇ ರಿಂಗಿನ ಅಂಚು ಇಷ್ಟು ವರ್ಷದಲ್ಲಿ ಆ ಮೆಟ್ಟಿಲಿಗೆ ತಕ್ಕ ಹಾಗೆ ದುಂಡಗಾಗಿರುತ್ತದೆ. ಹೊಸ ರಿಂಗಿನ ಅಂಚು ಚೂಪು. ಅದು ಮೆಟ್ಟಿಲಿಗೆ ಹೊಡೆದುಕೊಳ್ಳುತ್ತದೆ. ರಿಂಗ್ ಮುರಿಯುತ್ತದೆ, ಇಲ್ಲವೇ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನ ಅಂಚು ಒಡೆಯುತ್ತದೆ. ಇದಕ್ಕೆಂದೇ ಮೇಲಂಚು ಕತ್ತರಿಸಿದ ಮೆಟ್ಟಿಲು ರಿಂಗುಗಳು ಸಿಗುತ್ತವೆ. ಆದರೆ ಟೇಪರ್ ಸಮಸ್ಯೆಗೆ ಅವು ಉತ್ತರವಲ್ಲ.

ಟೇಪರ್ ಲೆಕ್ಕ ನೋಡಿ. ಬೋರಿನ ಮೇಲ್ಭಾಗ ಕೆಳಭಾಗಕ್ಕಿಂತ 0.1 ಮಿ.ಮೀ. ಅಗಲವಾಗಿದೆ ಅಂತಿಟ್ಟುಕೊಳ್ಳಿ. ಸುತ್ತಳತೆ ಆಗ 0.3 ಮಿ.ಮೀ. ಹೆಚ್ಚಾಗುತ್ತದೆ. ಪಿಸ್ಟನ್ ಮೇಲೆ ಹೋದಾಗೆಲ್ಲ ರಿಂಗಿನ ಬಾಯಿ ಅಷ್ಟು ತೆರೆಯಬೇಕು, ಕೆಳಗೆ ಬಂದಾಗ ಮುಚ್ಚಬೇಕು. 3000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ಯಾವ ರಿಂಗೂ ಈ ಕುಣಿತಕ್ಕೆ ಸರಿಯಾಗಿ ಹೆಜ್ಜೆ ಹಾಕಲಾರದು. ಜೊತೆಗೆ ಬೋರ್ ಓವಲ್ ಆಗಿದ್ದರೆ ದುಂಡಗಿನ ಹೊಸ ರಿಂಗ್ ಎರಡು ಕಡೆ ತಾಗುತ್ತದೆ, ಎರಡು ಕಡೆ ತಾಗುವುದೇ ಇಲ್ಲ. ಮೊದಲ ಸಾವಿರ ಕಿಲೋಮೀಟರ್ ಹೊಗೆ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಆಮೇಲೆ ಮೊದಲಿನ ಹಾಗೇ.

ಹಾಗಾದರೆ ಎಷ್ಟು ಸವೆದರೆ ಬೋರ್ ಮಾಡಿಸಬೇಕು, ಅಂದರೆ ಕೊರೆದು ದೊಡ್ಡದು ಮಾಡಿಸಬೇಕು? ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಮೂರು ಜಾಗದಲ್ಲಿ ಅಳೆಯಿರಿ. ಪ್ರತಿ ಜಾಗದಲ್ಲೂ ಎಂಜಿನ್ನಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಒಂದು ಸಿಲಿಂಡರಿಗೆ ಆರು ಅಂಕಿ, ನಾಲ್ಕಕ್ಕೆ ಇಪ್ಪತ್ನಾಲ್ಕು. ಕಾಗದದ ಮೇಲೆ ಬರೆಯಿರಿ. ಈ ಗಾತ್ರದ ಬೋರಿಗೆ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: ಅತಿ ಜಾಸ್ತಿ ಮತ್ತು ಅತಿ ಕಡಿಮೆ ನಡುವಿನ ವ್ಯತ್ಯಾಸ 0.05 ಮಿ.ಮೀ. ಒಳಗಿದ್ದರೆ ಹೋನಿಂಗ್ (ಕಲ್ಲಿನಿಂದ ಗೋಡೆ ಉಜ್ಜುವುದು) ಮಾಡಿ ಹೊಸ ರಿಂಗ್ ಹಾಕುತ್ತೇನೆ, ಚಿಂತೆಯಿಲ್ಲ. 0.1 ದಾಟಿದರೆ ಬೋರ್ ಮಾಡಿಸುತ್ತೇನೆ, ಚರ್ಚೆಯಿಲ್ಲ. ನಡುವೆ ಇದ್ದರೆ ಕಾರನ್ನು ಹೇಗೆ ಬಳಸುತ್ತಾರೆ ಅಂತ ಕೇಳುತ್ತೇನೆ. ತಿಂಗಳಿಗೆರಡು ಸಲ ಮೆಲ್ಲಗೆ ಓಡುವ ಕಾರಾದರೆ ರಿಂಗ್ ಹಾಕಿ ಕೆಲವು ವರ್ಷ ತಳ್ಳಬಹುದು. ಆದರೆ ಮಾಲೀಕರಿಗೆ ಅದನ್ನು ಮೊದಲೇ ಹೇಳಿರುತ್ತೇನೆ. ನಿಮ್ಮ ಎಂಜಿನ್ನಿನ ಟಕಟಕ ಮತ್ತು ಹೊಗೆ ಕೇಳಿದರೆ 0.1 ದಾಟಿರುತ್ತದೆ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ, ಅಳೆದು ನೋಡಿ.

ಬೋರ್ ಮಾಡಿಸಿದರೆ ಎಂಜಿನ್ ಹಾಳಾಗುತ್ತದೆ ಅನ್ನುವ ಭಯ ಬೇಡ. ಈ ಎಂಜಿನ್ ವಿನ್ಯಾಸ ಮಾಡಿದವರೇ ಅದನ್ನು ಯೋಚಿಸಿ ಗೋಡೆಗೆ ದಪ್ಪ ಬಿಟ್ಟಿದ್ದಾರೆ. 948ರ ಬೋರ್ ಹೊಸದರಲ್ಲಿ 62.9 ಮಿ.ಮೀ. ಇದಕ್ಕೆ 10, 20, 30, 40 ಥೌ ದೊಡ್ಡ ಪಿಸ್ಟನ್‌ಗಳು ಬರುತ್ತವೆ. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ, 10 ಥೌ ಅಂದರೆ ಸುಮಾರು 0.25 ಮಿ.ಮೀ. ನಿಮ್ಮ ಪಿಸ್ಟನ್ ತಲೆಯ ಮೇಲಿನ ಕಾರ್ಬನ್ ಕೆರೆದು ನೋಡಿ, ಹಿಂದೆ ಬೋರ್ ಆಗಿದ್ದರೆ ಅಲ್ಲಿ ಅಂಕಿ ಕೊರೆದಿರುತ್ತದೆ. 40 ಆಗಲೇ ಮುಗಿದಿದ್ದರೂ ಸ್ಲೀವ್ (ಬೋರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ಬರಬಹುದು. ಬ್ಲಾಕು ಅದೇ, ಅದರ ಮೇಲಿನ ನಂಬರೂ ಅದೇ. ಅಪ್ಪನ ಎಂಜಿನ್ ಅಪ್ಪನದೇ.

ಇಲ್ಲೊಂದು ಕ್ರಮ ತಪ್ಪಿದರೆ ದುಡ್ಡು ನೀರಲ್ಲಿ ಹೋಮ. ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಬ್ಲಾಕ್ ಬೋರಿಂಗ್ ಶಾಪಿಗೆ ಹೋಗಬೇಕು. "20 ಥೌ ಬೋರ್ ಮಾಡಿಬಿಡಿ, ಪಿಸ್ಟನ್ ಆಮೇಲೆ ತರ್ತೀನಿ" ಅನ್ನಬೇಡಿ. ಅವರು ಪ್ರತಿ ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಜಾಗ ಸೇರಿಸಿ ಬೋರ್ ಮಾಡುತ್ತಾರೆ. ಕೊನೆಯ ಸ್ವಲ್ಪವನ್ನು ಹೋನ್ ಕಲ್ಲಿನಿಂದ ತೆಗೆಯುತ್ತಾರೆ. ಗೋಡೆಯ ಮೇಲೆ ಅಡ್ಡಡ್ಡ ಗೀರು ಬೀಳಬೇಕು, ಆಯಿಲ್ ನಿಲ್ಲುವುದು ಅದರಲ್ಲೇ. ರಿಂಗ್ ಬಾಯಿಯ ಗ್ಯಾಪನ್ನು ಬೋರಿನೊಳಗೆ ರಿಂಗ್ ತಳ್ಳಿ ಫೀಲರ್ ಗೇಜ್‌ನಲ್ಲಿ (ಗ್ಯಾಪ್ ಅಳೆಯುವ ತೆಳು ಪಟ್ಟಿ) ನೋಡಿ. ಈ ಬೋರಿಗೆ 0.2ರಿಂದ 0.3 ಮಿ.ಮೀ. ಸರಿ. ಗ್ಯಾಪೇ ಇಲ್ಲದಿದ್ದರೆ ರಿಂಗ್ ಬಿಸಿಗೆ ಹಿಗ್ಗಿದಾಗ ಎರಡು ತುದಿ ಗುದ್ದಿಕೊಂಡು ಎಂಜಿನ್ ಹಿಡಿದುಕೊಳ್ಳುತ್ತದೆ.

ಬ್ಲಾಕ್ ವಾಪಸ್ ಬಂದ ಮೇಲೆ ತೊಳೆಯುವುದು ನಿಮ್ಮ ಕೆಲಸ. ಪೆಟ್ರೋಲ್, ಡೀಸೆಲ್ ಹಾಕಿ ಒರೆಸಿದರೆ ಆಗುವುದಿಲ್ಲ. ಅದು ಆಯಿಲ್ ತೆಗೆಯುತ್ತದೆ, ಹೋನ್ ಕಲ್ಲಿನ ಪುಡಿಯನ್ನು ಗೀರಿನೊಳಗೇ ಬಿಟ್ಟುಹೋಗುತ್ತದೆ. ಬಿಸಿ ನೀರು, ಸೋಪಿನ ಪುಡಿ, ಬ್ರಷ್. ಒರೆಸಿದ ಬಿಳಿ ಬಟ್ಟೆ ಬಿಳಿಯಾಗೇ ಬರುವ ತನಕ ತಿಕ್ಕಿ. ಒಣಗಿದ ಕೂಡಲೇ ಆಯಿಲ್ ಹಚ್ಚಿ, ಇಲ್ಲದಿದ್ದರೆ ಟೀ ಕುಡಿದು ಬರುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಹೊಸ ಎಂಜಿನ್ ಒಂದೇ ವರ್ಷಕ್ಕೆ ಹೊಗೆ ಬಿಟ್ಟಿತು ಅಂತ ಬಂದ ಕೇಸುಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಬ್ಲಾಕ್ ಹೇಗೆ ತೊಳೆದ್ರಿ?

ಶೆಲ್ ವಿಷಯವೂ ಹೀಗೇ. ಹೊಸ ಶೆಲ್ ಓವಲ್ ಆದ ಜರ್ನಲನ್ನು ದುಂಡಗೆ ಮಾಡುವುದಿಲ್ಲ. ಪ್ರತಿ ಜರ್ನಲನ್ನೂ ಎರಡು ಜಾಗದಲ್ಲಿ, ಎರಡು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ 0.025 ಮಿ.ಮೀ., ಅಂದರೆ ಒಂದು ಥೌ, ಮುಟ್ಟಿದರೆ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ ಅಷ್ಟೇ ಕಡಿಮೆ ಸೈಜಿನ ಶೆಲ್ ಹಾಕಿ. ಮುಟ್ಟದಿದ್ದರೆ, ಗೀರೂ ಇಲ್ಲದಿದ್ದರೆ, ಸುಮ್ನೆ ಪಾಲಿಶ್ ಮಾಡಿಸಿ ಅದೇ ಸೈಜಿನ ಶೆಲ್ ಹಾಕಿ. ಸರಿಯಿರುವ ಕ್ರ್ಯಾಂಕನ್ನು "ಹೇಗೂ ಬಿಚ್ಚಿದ್ದೀವಲ್ಲ" ಅಂತ ಗ್ರೈಂಡ್ ಮಾಡಿಸುವವರಿದ್ದಾರೆ. ಒಂದು ಸೈಜ್ ವೃಥಾ ಹೋಯಿತು. ಮುಂದೆ ನಿಜವಾಗಿ ಬೇಕಾದಾಗ ಅದು ಇರುವುದಿಲ್ಲ.

ನಿಮ್ಮ ಆಯಿಲ್ ಲೈಟ್ ಮಿಣುಕುವುದಕ್ಕೂ ಇದಕ್ಕೂ ಸಂಬಂಧ ಇದೆ. ಜರ್ನಲ್ ಮತ್ತು ಶೆಲ್ ನಡುವೆ ಹೊಸದರಲ್ಲಿ ಒಂದೆರಡು ಥೌ ಜಾಗ ಇರುತ್ತದೆ, ತೆಳು ಕೂದಲಿನಷ್ಟು. ಆ ಜಾಗ ಎರಡರಷ್ಟಾದರೆ ಹೊರಗೆ ಹರಿಯುವ ಆಯಿಲ್ ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತದೆ. ಎಂಥ ಹೊಸ ಪಂಪ್ ಹಾಕಿದರೂ ಇಷ್ಟು ಸೋರಿಕೆಯನ್ನು ಅದು ತುಂಬಲಾರದು. ದಪ್ಪ ಆಯಿಲ್ ಹಾಕಿದರೆ ಲೈಟ್ ಆರುತ್ತದೆ, ಕಾಯಿಲೆ ಆರುವುದಿಲ್ಲ. ಆದರೆ ಲೈಟನ್ನು ಮಾತ್ರ ನಂಬಿ ಕೂರಬೇಡಿ, ಅದರ ಸ್ವಿಚ್ಚೇ ಕೆಟ್ಟಿರಬಹುದು. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒಂದು ಪ್ರೆಷರ್ ಗೇಜ್ ಹಾಕಿ ನೋಡಿ. ಒಳ್ಳೆಯ 948 ಎಂಜಿನ್ ಕಾದ ಮೇಲೆ ರಸ್ತೆಯಲ್ಲಿ 60 ಪಿಎಸ್‌ಐ ಹತ್ತಿರ, ಐಡ್ಲಿಂಗ್‌ನಲ್ಲಿ 15 ಹತ್ತಿರ ತೋರಿಸಬೇಕು.

ಗ್ರೈಂಡಿಂಗ್ ಮಾಡಿಸುವಾಗ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಜರ್ನಲ್ ಮತ್ತು ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ ದುಂಡನೆಯ ಬಾಗು ಇರುತ್ತದೆ, ಅದನ್ನು ಹಾಗೇ ಉಳಿಸುತ್ತಾರಾ? ಅದು ಚೂಪಾದರೆ ಕ್ರ್ಯಾಂಕ್ ಮುಂದೊಂದು ದಿನ ಮುರಿಯುವುದು ಅಲ್ಲೇ. ಎರಡನೆಯದು, ಒಳಗಿನ ಆಯಿಲ್ ದಾರಿಗಳನ್ನು ಪೂರ್ತಿ ಬ್ರಷ್ ಹಾಕಿ ತೊಳೆಯುತ್ತಾರಾ? ಅರವತ್ತು ವರ್ಷದ ಕೊಳೆ ಅಲ್ಲಿ ಟಾರಿನ ಹಾಗೆ ಗಟ್ಟಿಯಾಗಿರುತ್ತದೆ. ಹೊಸ ಆಯಿಲ್ ಅದನ್ನು ಕರಗಿಸಿ ಹೊಸ ಶೆಲ್ಲಿಗೇ ತಂದು ಸುರಿಯುತ್ತದೆ.

ಜೋಡಿಸುವಾಗ ಪ್ಲಾಸ್ಟಿಗೇಜ್ ಅನ್ನುವ ಮೇಣದ ಎಳೆ ಬಳಸಿ. ಒಣಗಿದ ಜರ್ನಲ್ ಮೇಲೆ ಒಂದು ತುಂಡು ಇಟ್ಟು, ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು, ಮತ್ತೆ ಬಿಚ್ಚಿ ಅದು ಎಷ್ಟು ಚಪ್ಪಟೆಯಾಗಿದೆ ಅಂತ ಅಳೆಯುವುದು. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ಕಡಿಮೆ ಖರ್ಚಿನ ವಸ್ತು, ದೊಡ್ಡ ಅನಾಹುತ ತಪ್ಪಿಸುತ್ತದೆ. ಗ್ಯಾಪ್ ಜಾಸ್ತಿ ಬಂದರೆ ಬೇರಿಂಗ್ ಕ್ಯಾಪನ್ನು ಅರದಿಂದ ಉಜ್ಜಿ ಕಡಿಮೆ ಮಾಡುವ ಹಳೇ ಚಾಳಿ ಇದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಒಮ್ಮೆ ನಾನು ಬಿಚ್ಚಿದ ಎಂಜಿನ್ನಿನಲ್ಲಿ ಶೆಲ್ಲಿನ ಬೆನ್ನ ಹಿಂದೆ ಸಿಗರೇಟ್ ಪ್ಯಾಕಿನ ಫಾಯಿಲ್ ಮಡಚಿ ಇಟ್ಟಿದ್ದರು. ಯಾರು ಇಟ್ಟರೋ, ಅವರ ಜಾಣತನಕ್ಕೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಶೆಲ್ಲಿನ ಬಿಸಿ ಹೊರಗೆ ಹೋಗುವುದೇ ಅದರ ಬೆನ್ನು ಕ್ಯಾಪಿಗೆ ಅಂಟಿಕೊಂಡಿರುವುದರಿಂದ. ಆ ಕ್ರ್ಯಾಂಕ್ ನೀಲಿ ತಿರುಗಿತ್ತು.

948ರಲ್ಲಿ ಇನ್ನೊಂದು ವಿಶೇಷ ಇದೆ. ಗಜನ್ ಪಿನ್ನನ್ನು (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಕನೆಕ್ಟಿಂಗ್ ರಾಡಿನ ಮೇಲಿನ ತುದಿಯೇ ಒಂದು ಬೋಲ್ಟಿನಿಂದ ಕಚ್ಚಿ ಹಿಡಿದಿರುತ್ತದೆ. ಆ ಬೋಲ್ಟ್ ಬಿಗಿಯುವಾಗ ರಾಡನ್ನು ವೈಸಿನಲ್ಲಿ ಹಿಡಿದರೆ ರಾಡ್ ತಿರುಚಿಕೊಳ್ಳುತ್ತದೆ. ಪಿನ್ನಿನ ಎರಡು ತುದಿಗೆ ಬಿರಡೆ ಕೊಟ್ಟು ಪಿನ್ನನ್ನೇ ಹಿಡಿದು ಬಿಗಿಯಬೇಕು. ಹೊಸ ಕಾರುಗಳಲ್ಲೇ ಪಳಗಿದವರಿಗೆ ಇದು ಗೊತ್ತಿರುವುದಿಲ್ಲ.

ಕ್ಯಾಮ್ ಶಾಫ್ಟ್ ಮತ್ತು ಟ್ಯಾಪೆಟ್. ಕ್ಯಾಮ್ ಶಾಫ್ಟಿನ ಉಬ್ಬು, ಅಂದರೆ ಲೋಬು, ವಾಲ್ವ್ ತೆರೆಯಲು ತಳ್ಳುವ ತುಂಡೇ ಟ್ಯಾಪೆಟ್. ಇಲ್ಲಿ ಒಂದೇ ಮಾತು: ಇವು ಗಂಡ ಹೆಂಡತಿ ಇದ್ದ ಹಾಗೆ. ಪ್ರತಿ ಟ್ಯಾಪೆಟ್ ತನ್ನ ಲೋಬಿಗೆ ಹೊಂದಿಕೊಂಡು ಸವೆದಿರುತ್ತದೆ. ಹಳೇ ಕ್ಯಾಮ್ ಉಳಿಸಿಕೊಂಡರೆ ಯಾವ ಟ್ಯಾಪೆಟ್ ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು, ಬಿಚ್ಚುವಾಗಲೇ ನಂಬರ್ ಹಾಕಿದ ಡಬ್ಬಿಯಲ್ಲಿಡಿ. ಹೊಸ ಕ್ಯಾಮ್ ಹಾಕಿದರೆ ಟ್ಯಾಪೆಟ್ ಎಂಟೂ ಹೊಸದೇ. ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ಹಾಕಿ ಉಳಿಸಿದ ದುಡ್ಡು ಕ್ಯಾಮಿನ ಜೊತೆಗೇ ಹೋಗುತ್ತದೆ. ಟ್ಯಾಪೆಟ್ಟಿನ ತಳ ನೋಡಿ. ಅದು ಚಪ್ಪಟೆ ಅಂತ ಕಂಡರೂ ನಡುವೆ ಕೂದಲೆಳೆಯಷ್ಟು ಉಬ್ಬಿರಬೇಕು, ಅದರಿಂದಲೇ ಅದು ತಿರುಗುತ್ತಾ ಇರುತ್ತದೆ. ಎರಡು ಟ್ಯಾಪೆಟ್ ತಳಕ್ಕೆ ತಳ ಇಟ್ಟು ನೋಡಿ. ಅಂಚಿನಲ್ಲಿ ಬೆಳಕು ಕಂಡರೆ ಉಬ್ಬು ಉಳಿದಿದೆ. ನಡುವೆ ಗುಳಿ ಬಿದ್ದಿದ್ದರೆ, ಚುಕ್ಕಿ ಚುಕ್ಕಿಯಾಗಿ ಕಿತ್ತಿದ್ದರೆ, ಎಸೆಯಿರಿ.

ಹಳೇ ಕ್ಯಾಮ್ ಅಳತೆಗೆ ಸರಿಯಿದ್ದರೆ ನಾನು ಖಂಡಿತ ಉಳಿಸುತ್ತೇನೆ. ಅಪ್ಪನ ಸ್ನೇಹಿತರ ಮಾತಿನಲ್ಲಿ ತಿರುಳಿರುವುದು ಇಲ್ಲಿ. ಈಗ ಬರುವ ಬದಲಿ ಭಾಗಗಳಲ್ಲಿ ಒಳ್ಳೆಯವೂ ಇವೆ, ಮೆತ್ತಗಿನವೂ ಇವೆ. ಡಬ್ಬಿಯ ಮೇಲಿನ ಬಣ್ಣ ನೋಡಿ ಅದು ಗೊತ್ತಾಗುವುದಿಲ್ಲ. ಆದರೆ ಆ ಕಾಲದ ಲೋಹ ಅನ್ನುವ ಮಂತ್ರ ಸವೆದ ಭಾಗಕ್ಕೆ ಅನ್ವಯಿಸುವುದಿಲ್ಲ. ಎಷ್ಟೇ ಒಳ್ಳೆಯ ಲೋಹವಾದರೂ ಸವೆದು ಹೋದದ್ದು ವಾಪಸ್ ಬರುವುದಿಲ್ಲವಲ್ಲ.

ವಾಲ್ವ್ ಒತ್ತುವ ರಾಕರ್‌ಗಳು ಕೂರುವ ರಾಕರ್ ಶಾಫ್ಟ್ ಬಗ್ಗೆ ಒಂದು ಸಣ್ಣ ಗುಟ್ಟು. ಶಾಫ್ಟ್ ಸವೆಯುವುದು ಕೆಳಗಿನ ಬದಿಯಲ್ಲಿ. ರಾಕರ್ ಜಾರಿಸಿ ತೆಗೆಯದೆ ಅದು ಕಾಣಿಸುವುದೇ ಇಲ್ಲ. ರಾಕರಿನ ಮೂತಿಯಲ್ಲೂ ವಾಲ್ವ್ ತುದಿ ಕುಟ್ಟಿ ಕುಟ್ಟಿ ಗುಳಿ ಬಿದ್ದಿರುತ್ತದೆ. ಫೀಲರ್ ಗೇಜ್ ಆ ಗುಳಿಗೆ ಸೇತುವೆ ಹಾಗೆ ಅಡ್ಡ ಕೂರುತ್ತದೆ. ನೀವು 0.30 ಮಿ.ಮೀ. ಇಟ್ಟೆ ಅಂದುಕೊಳ್ಳುತ್ತೀರಿ, ನಿಜವಾಗಿ ಇರುವುದು 0.40. ಎಷ್ಟು ಸಲ ಟ್ಯಾಪೆಟ್ ಸೆಟ್ ಮಾಡಿದರೂ ಸದ್ದು ಹೋಗುವುದಿಲ್ಲ ಅನ್ನುವವರ ಎಂಜಿನ್ನಿನಲ್ಲಿ ಹೆಚ್ಚಾಗಿ ಇದೇ ಕಾರಣ.

ಈಗ ಸೀಸದ ಪೆಟ್ರೋಲ್. ಸೀಸ ಸುಟ್ಟು ಎಕ್ಸಾಸ್ಟ್ ವಾಲ್ವ್ ಮತ್ತು ಸೀಟಿನ ನಡುವೆ ತೆಳು ಪದರ ಕಟ್ಟುತ್ತಿತ್ತು, ದಿಂಬಿನ ಹಾಗೆ. ಅದಿಲ್ಲದಿದ್ದರೆ ಕಾದು ಕೆಂಪಾದ ವಾಲ್ವ್ ಎರಕಹೊಯ್ದ ಕಬ್ಬಿಣದ ಸೀಟಿಗೆ ಒಂದು ಕ್ಷಣ ಅಂಟಿ ಚೂರುಚೂರಾಗಿ ಕಿತ್ತುಕೊಳ್ಳುತ್ತದೆ. ಸೀಟ್ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಇದು ನಿಜ. 2021ರಲ್ಲಿ ಅಲ್ಜೀರಿಯಾ ಮಾರಾಟ ನಿಲ್ಲಿಸಿದ ಮೇಲೆ ಬಂಕ್‌ಗಳಲ್ಲಿ ಕಾರಿಗೆ ಸೀಸದ ಪೆಟ್ರೋಲ್ ಜಗತ್ತಿನ ಯಾವ ದೇಶದಲ್ಲೂ ಸಿಗುವುದಿಲ್ಲ, ಇದೂ ನಿಜ. ಆದರೆ "ಬದಲಿಸಲೇಬೇಕು" ಅನ್ನುವುದು ನಿಜವಲ್ಲ. ಸೀಟ್ ಇಳಿಯುವುದು ಮುಖ್ಯವಾಗಿ ಜಾಸ್ತಿ ಸ್ಪೀಡು, ಜಾಸ್ತಿ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಿದಾಗ. ವಾರಕ್ಕೊಮ್ಮೆ ಮೆಲ್ಲಗೆ ಓಡುವ ಕಾರಿನಲ್ಲಿ ಅದು ಬಹಳ ನಿಧಾನ.

ಅದು ಶುರುವಾಗಿದೆಯಾ ಅಂತ ತಿಳಿಯುವುದು ಸುಲಭ. ಸೀಟ್ ಇಳಿದಷ್ಟೂ ವಾಲ್ವ್ ಮೇಲೆ ಬರುತ್ತದೆ, ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ತುದಿ ನಡುವಿನ ಜಾಗ) ಕಡಿಮೆಯಾಗುತ್ತಾ ಹೋಗುತ್ತದೆ. ಎಂಜಿನ್ ದಿನೇ ದಿನೇ ಸದ್ದು ಕಡಿಮೆ ಮಾಡುತ್ತಿದೆ ಅಂತ ಖುಷಿ ಪಡಬೇಡಿ. ಗ್ಯಾಪ್ ಸೊನ್ನೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೆಂಕಿ ಅಂಚಿನಿಂದ ನುಗ್ಗಿ ವಾಲ್ವ್ ಸುಡುತ್ತದೆ. ನಿಮ್ಮ ಮೂರನೇ ಸಿಲಿಂಡರಿಗೆ ಹೀಗೇ ಆಗಿರಬಹುದು. ಹೆಡ್ ತೆಗೆಯುವ ಮೊದಲು ಎಂಟೂ ಗ್ಯಾಪ್ ಅಳೆದು ಬರೆದಿಟ್ಟುಕೊಳ್ಳಿ, ತೆಗೆದ ಮೇಲೆ ಆ ಸುಳಿವು ಮತ್ತೆ ಸಿಗುವುದಿಲ್ಲ.

ನಾನಾಗಿದ್ದರೆ ಹೆಡ್ ತೆಗೆದ ಮೇಲೆ ಮೊದಲು ಬಿರುಕು ಪರೀಕ್ಷೆ ಮಾಡಿಸುತ್ತೇನೆ, ಮುಖ್ಯವಾಗಿ ಆ ಎರಡು ನಡು ಎಕ್ಸಾಸ್ಟ್ ಸುತ್ತ. ಬಿರುಕಿದ್ದರೆ ಆ ಹೆಡ್ ಮೇಲೆ ಒಂದು ಪೈಸೆ ಹಾಕುವುದಿಲ್ಲ, ಬೇರೆ ಹೆಡ್ ಹುಡುಕುತ್ತೇನೆ. ಬಿರುಕಿಲ್ಲ, ಸೀಟ್ ಚೆನ್ನಾಗಿದೆ ಅಂದರೆ ಕತ್ತರಿಸಿ ಲ್ಯಾಪಿಂಗ್ (ವಾಲ್ವ್ ಮತ್ತು ಸೀಟನ್ನು ಒಟ್ಟಿಗೆ ಉಜ್ಜಿ ಕೂರಿಸುವುದು) ಮಾಡಿ ಹಾಗೇ ಓಡಿಸುತ್ತೇನೆ. ಸೀಟ್ ಆಗಲೇ ಇಳಿದಿದ್ದರೆ ಮಾತ್ರ ಗಟ್ಟಿ ಸೀಟ್ ರಿಂಗ್ ಕೂರಿಸುವುದು. ಅದಕ್ಕೂ ಅಪಾಯ ಇದೆ. ಜಾಸ್ತಿ ಆಳ ಕತ್ತರಿಸಿದರೆ ನೀರಿನ ದಾರಿಗೆ ತೂತು ಬೀಳುತ್ತದೆ. ಬಿಗಿ ಸಾಲದಿದ್ದರೆ ಸೀಟ್ ಕಳಚಿ ಪಿಸ್ಟನ್ ಮೇಲೆ ಬೀಳುತ್ತದೆ. ಇದನ್ನು ಈ ಹೆಡ್ಡಿಗೆ ಮೊದಲು ಮಾಡಿ ಗೊತ್ತಿರುವವರ ಹತ್ತಿರವೇ ಮಾಡಿಸಿ. ಗೈಡ್ ಬದಲಿಸುವುದಿದ್ದರೆ ಸೀಟ್ ಕತ್ತರಿಸುವುದಕ್ಕೆ ಮೊದಲೇ ಬದಲಿಸಬೇಕು, ಕಟರ್ ನಿಲ್ಲುವುದೇ ಗೈಡಿನ ಆಧಾರದ ಮೇಲೆ.

ಅಳೆಯದೆಯೇ ಬದಲಿಸುವ ವಸ್ತುಗಳೂ ಇವೆ, ಅದರಲ್ಲಿ ನಾನು ಮೆಕ್ಯಾನಿಕ್ ಪಕ್ಷ. ಗ್ಯಾಸ್ಕೆಟ್, ಸೀಲ್, ಬಿಗ್ ಎಂಡ್ ಬೋಲ್ಟ್, ಲಾಕ್ ವಾಷರ್, ಟೈಮಿಂಗ್ ಚೈನ್, ಆಯಿಲ್ ಪಂಪ್. ಚೈನ್ ಬದಲಿಸಿದರೆ ಹಲ್ಲಿನ ಚಕ್ರಗಳನ್ನೂ ನೋಡಿ, ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಅವೂ ಹೋಗಲಿ. ಈ ಪಂಪ್ ಕ್ಯಾಮ್ ಶಾಫ್ಟಿನ ಹಿಂದಿನ ತುದಿಯಿಂದ ತಿರುಗುತ್ತದೆ. ಎಂಜಿನ್ ಇಳಿಸಿದ್ದಾಗ ಬದಲಿಸದಿದ್ದರೆ ಮತ್ತೆ ಇಳಿಸದೆ ಅದಕ್ಕೆ ಕೈ ಹೋಗುವುದಿಲ್ಲ. ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳನ್ನೂ (ನೀರಿನ ದಾರಿ ಮುಚ್ಚುವ ಬಿಲ್ಲೆಗಳು) ಕಿತ್ತು ಹೊಸದು ಹಾಕಿ. ನಾಲ್ಕನೇ ಸಿಲಿಂಡರಿನ ಹಿಂದೆ ನೀರಿನ ದಾರಿಯಲ್ಲಿ ತುಕ್ಕಿನ ಕೆಸರು ಹಿಡಿಗಟ್ಟಲೆ ಸಿಗುತ್ತದೆ.

ಒಂದು ನಿರೀಕ್ಷೆಯನ್ನು ಈಗಲೇ ಕಡಿಮೆ ಮಾಡಿಕೊಳ್ಳಿ. ಈ ಎಂಜಿನ್ನಿನ ಕ್ರ್ಯಾಂಕ್ ಹಿಂಭಾಗದಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಕೊರೆದ ಸುರುಳಿ ಗೆರೆಯೇ ಆಯಿಲನ್ನು ಒಳಗೆ ತಳ್ಳುತ್ತದೆ. ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ. ಎಲ್ಲಾ ಸರಿಯಾಗಿ ಕಟ್ಟಿದ ಮೇಲೂ ನೆಲದ ಮೇಲೆ ಒಂದು ಹನಿ ಕಂಡರೆ ಯಾರನ್ನೂ ಬೈಯಬೇಡಿ.

ಇಡೀ ಎಂಜಿನ್ ಬದಲಿಸುವ ದಾರಿಯೂ ಇದೆ. 1962ರಿಂದ ಮೈನರಿಗೆ ಬಂದ 1098 ಸಿಸಿ ಎಂಜಿನ್ ಇದೇ ಎ ಸೀರೀಸ್ ಕುಟುಂಬದ್ದು. ಅದನ್ನು ಹಾಕಿ ಅಪ್ಪನ ಎಂಜಿನ್ ಮೂಲೆಯಲ್ಲಿ ಇಡುವವರಿದ್ದಾರೆ. ನಿಮ್ಮ ಪತ್ರ ಓದಿದರೆ ನಿಮಗೆ ಅದು ಬೇಕಿಲ್ಲ ಅನ್ನಿಸಿತು, ಹಾಗಾಗಿ ಅಷ್ಟಕ್ಕೇ ಬಿಡುತ್ತೇನೆ.

ಕಟ್ಟಿದ ಮೇಲೆ ಮೊದಲ ಸ್ಟಾರ್ಟ್. ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಪ್ರೆಷರ್ ಬರುವ ತನಕ ಸ್ಟಾರ್ಟರ್‌ನಲ್ಲೇ ತಿರುಗಿಸಿ. ಹೊಸ ಕ್ಯಾಮ್ ಹಾಕಿದ್ದರೆ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಹತ್ತಿರ ಇಪ್ಪತ್ತು ನಿಮಿಷ ಓಡಿಸಿ, ಐಡ್ಲಿಂಗ್‌ನಲ್ಲಿ ಬಿಡಬೇಡಿ. ಕ್ಯಾಮಿಗೆ ಆಯಿಲ್ ಬೀಳುವುದು ಕ್ರ್ಯಾಂಕ್ ಎರಚಿದ್ದರಿಂದ, ನಿಧಾನಕ್ಕೆ ತಿರುಗಿದರೆ ಅದು ಸಾಲದು. ಆಯಿಲ್ 20ಡಬ್ಲ್ಯು-50 ಸಾಕು. ಹೊಸ ತೆಳು ಆಯಿಲ್‌ಗಳಲ್ಲಿ ಕ್ಯಾಮ್ ಕಾಯುವ ಸತು ಮತ್ತು ರಂಜಕದ ಅಂಶವನ್ನು ಕಡಿಮೆ ಮಾಡಿದ್ದಾರೆ, ಅವು ಈ ಎಂಜಿನ್ನಿಗೆ ಬೇಡ. ಮೊದಲ ಕೆಲವು ನೂರು ಕಿಲೋಮೀಟರಿಗೇ ಆಯಿಲ್ ಬದಲಿಸಿ, ಹೆಡ್ ಬಿಗಿತ ಮತ್ತು ಟ್ಯಾಪೆಟ್ ಗ್ಯಾಪ್ ಮತ್ತೆ ನೋಡಿ. ಹೊಸ ರಿಂಗ್ ಅಂತ ಮುದ್ದು ಮಾಡಿ ಮೆಲ್ಲಗೇ ಓಡಿಸಬೇಡಿ. ಸ್ವಲ್ಪ ಲೋಡ್ ಬಿದ್ದರೇ ರಿಂಗ್ ಗೋಡೆಗೆ ಕೂರುವುದು.

ಅದೆಲ್ಲಾ ಮುಂದಿನ ಮಾತು. ಈ ವಾರ ನೀವು ಮಾಡಬೇಕಾದದ್ದು ಮೂರೇ ಕೆಲಸ, ಒಂದಕ್ಕೂ ಎಂಜಿನ್ ಇಳಿಸಬೇಕಿಲ್ಲ. ಗೇಜ್ ಹಾಕಿ ಬಿಸಿ ಎಂಜಿನ್ನಿನ ಆಯಿಲ್ ಪ್ರೆಷರ್ ನೋಡಿ. ತಣ್ಣಗಿದ್ದಾಗ ಎಂಟು ಟ್ಯಾಪೆಟ್ ಗ್ಯಾಪ್ ಅಳೆಯಿರಿ. ಆಮೇಲೆ ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಕಂಪ್ರೆಷನ್ ಮತ್ತೆ ತೆಗೆಸಿ. 1, 2, 4 ಮೇಲೇರಿದರೆ ರಿಂಗು ಮತ್ತು ಬೋರು. 3 ಮಾತ್ರ 80ರಲ್ಲೇ ಕೂತರೆ ಅದು ವಾಲ್ವ್. ಈ ಅಂಕಿಗಳನ್ನು ಬರೆದು ಕಳಿಸಿ, ಹೆಡ್ ಮಾತ್ರ ತೆಗೆದರೆ ಸಾಕೋ ಅಥವಾ ಎಂಜಿನ್ ಇಳಿಸಬೇಕೋ ಅಂತ ಆಗ ಹೇಳುತ್ತೇನೆ.